ಕೆಮ್ಮಣ್ಣಿನ ದೂಳು, ಕಪ್ಪು ಕಾರಿನ ಹೊಳಪು

ತಿಪಟೂರಿನ ಬಿ.ಎಚ್. ರಸ್ತೆಯ ಯಾವುದಾದರೂ ಪೆಟ್ರೋಲ್ ಬಂಕಿಗೆ ರಾತ್ರಿ ಹೊತ್ತು ಕಪ್ಪು ಕಾರೊಂದು ಬಂದು ನಿಂತಾಗ ಅದರ ಬಾನೆಟ್ ಕಡೆ ಕಣ್ಣು ಹಾಯಿಸಿ. ಮೇಲಿನ ಎಲ್‌ಇಡಿ ದೀಪದ ಬಿಂಬ ಬಿದ್ದ ಜಾಗದ ಸುತ್ತ ನೂರಾರು ಸಣ್ಣ ಗೆರೆಗಳು ಸುತ್ತು ಸುತ್ತಾಗಿ ಹರಡಿಕೊಂಡಿರುತ್ತವೆ. ಕಾರು ಮುಂದೆ ಸರಿದರೆ ಆ ಸುತ್ತುಗಳೂ ಬಿಂಬದ ಜೊತೆಗೇ ಸರಿಯುತ್ತವೆ. ಇದೇ ಕಾರನ್ನು ಹಗಲು ಮನೆಮುಂದಿನ ನೆರಳಲ್ಲಿ ನೋಡಿದ್ದರೆ ಹೊಸದು ಅನ್ನುತ್ತಿದ್ದಿರಿ. ಡೀಟೇಲಿಂಗ್ ಅಂಗಡಿಯವರು ಇದನ್ನು ಸ್ವರ್ಲ್ ಮಾರ್ಕ್ ಎನ್ನುತ್ತಾರೆ. ಈ ಲೇಖನದ ಮಟ್ಟಿಗೆ ಸುಳಿಗೀರು ಎಂದಿಟ್ಟುಕೊಳ್ಳೋಣ.

ಹೆಸರು ಸುಳಿಯಾದರೂ ಆ ಗೀರುಗಳು ಸುಳಿಯಾಕಾರದಲ್ಲಿ ಬಿದ್ದಿರುವುದಿಲ್ಲ. ಅಡ್ಡಡ್ಡ, ಉದ್ದುದ್ದ, ಓರೆಯಾಗಿ ಎಲ್ಲ ದಿಕ್ಕಿಗೂ ಇರುತ್ತವೆ. ಆದರೆ ದೀಪದ ಬಿಂಬಕ್ಕೆ ಅಡ್ಡಲಾಗಿ ಬಿದ್ದ ಗೀರುಗಳು ಮಾತ್ರ ಬೆಳಕನ್ನು ನಮ್ಮ ಕಣ್ಣಿಗೆ ತಿರುಗಿಸುತ್ತವೆ, ಉಳಿದವು ಬೇರೆ ಕಡೆಗೆ ಚೆಲ್ಲುತ್ತವೆ. ಹಾಗೆ ಆಯ್ದುಬಂದ ಚೂರುಗಳೆಲ್ಲ ಸೇರಿ ಬಿಂಬದ ಸುತ್ತ ಉಂಗುರಗಳಂತೆ ಕಾಣುತ್ತವೆ. ತೆಂಗಿನ ನಾರಿಗೆ ಬೂದಿ ಅದ್ದಿ ಬೆಳಗಿದ ಸ್ಟೀಲ್ ತಟ್ಟೆಯನ್ನು ಬಿಸಿಲಿಗೆ ಹಿಡಿದರೆ ಕಾಣುವುದೂ ಇದೇ. ಬಿಳಿ ಕಾರಿನಲ್ಲಿ ಗೀರು ಕಡಿಮೆ ಬೀಳುತ್ತದೆಂದು ನಂಬುವವರಿದ್ದಾರೆ. ಬೀಳುವುದು ಅಷ್ಟೇ, ಕಾಣುವುದು ಕಡಿಮೆ. ಬಿಳಿ ಬಣ್ಣ ತಾನೇ ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುವುದರಿಂದ ಗೀರು ಚೆಲ್ಲಿದ ಬೆಳಕು ಅದರಲ್ಲಿ ಮುಚ್ಚಿಹೋಗುತ್ತದೆ. ಕಪ್ಪು ಬಣ್ಣ ಬೆಳಕನ್ನೆಲ್ಲ ನುಂಗುವುದರಿಂದ ಅದರ ಮೇಲಿನ ಪ್ರತಿ ಗೆರೆಯೂ ಎದ್ದು ಕಾಣುತ್ತದೆ.

ಗೀರು ಬೀಳುವುದು ಬಣ್ಣದ ಮೇಲೂ ಅಲ್ಲ. ಕಾರ್ಖಾನೆಯಿಂದ ಹೊರಬಂದ ಕಾರಿನ ತಗಡಿನ ಮೇಲೆ ಸಾಮಾನ್ಯವಾಗಿ ನಾಲ್ಕು ಪದರಗಳಿರುತ್ತವೆ. ತುಕ್ಕು ಹಿಡಿಯದಿರಲೆಂದು ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ಹಿಡಿಸುವ ಮೊದಲ ಕೋಟ್, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ನಾಲ್ಕೂ ಸೇರಿ ಸುಮಾರು 100ರಿಂದ 140 ಮೈಕ್ರಾನ್. ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್. ಇದರಲ್ಲಿ ಕ್ಲಿಯರ್ ಕೋಟಿನ ಪಾಲು 35ರಿಂದ 50 ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ, ಅಂದರೆ ಕಾರಿನ ಹೊಳಪೆಲ್ಲ ಇರುವುದು ಕೂದಲಿಗಿಂತ ತೆಳುವಾದ ಒಂದು ಪದರದಲ್ಲಿ. ಬಿಸಿಲಿನ ನೇರಳಾತೀತ ಕಿರಣಗಳಿಂದ ಕೆಳಗಿನ ಬಣ್ಣವನ್ನು ಕಾಯುವ ರಾಸಾಯನಿಕಗಳಿರುವುದೂ ಅದರಲ್ಲೇ. ಹತ್ತು ಹನ್ನೆರಡು ವರ್ಷದ ಕೆಲವು ಕಾರುಗಳ ಟಾಪು, ಬಾನೆಟ್ ಮೇಲೆ ಬಿಳಿ ಸಿಪ್ಪೆ ಎದ್ದಿರುವುದನ್ನು ನೋಡಿರುತ್ತೀರಿ. ಅದು ಕ್ಲಿಯರ್ ಕೋಟ್ ಸೋತದ್ದು. ಅಲ್ಲಿಗೆ ಯಾವ ಪಾಲಿಶೂ ನಡೆಯದು, ಆ ಭಾಗಕ್ಕೆ ಮತ್ತೆ ಪೇಂಟ್ ಹೊಡೆಸಬೇಕು.

ಇಷ್ಟು ಅಂಕಿ ಕೊಟ್ಟದ್ದಕ್ಕೆ ಕಾರಣವಿದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಓಡುತ್ತಿದ್ದ ಕಾಲದಲ್ಲಿ ಹೆಚ್ಚಿನ ಗಾಡಿಗಳಿಗೆ ಕ್ಲಿಯರ್ ಕೋಟ್ ಇರಲಿಲ್ಲ. ಮೇಲಿನಿಂದ ಕೆಳತನಕ ಬಣ್ಣವೇ. ರಬ್ಬಿಂಗ್ ಕಾಂಪೌಂಡ್ ಹಚ್ಚಿ ಉಜ್ಜಿದರೆ ಬಟ್ಟೆಗೆ ಕಾರಿನ ಬಣ್ಣ ಹತ್ತುತ್ತಿತ್ತು, ಮಂಕಾದ ಮೇಲ್ಪದರ ಹೋಗಿ ಅಡಿಯ ಬಣ್ಣ ಮಿಂಚುತ್ತಿತ್ತು. ವರ್ಷಕ್ಕೊಮ್ಮೆ ಹಬ್ಬದ ಮುಂಚೆ ‘ರಬ್ಬಿಂಗ್ ಹೊಡೆಸುವುದು’ ಆ ಗಾಡಿಗಳಿಗೆ ಒಪ್ಪುವ ಪದ್ಧತಿಯಾಗಿತ್ತು. ಎಷ್ಟು ಬಣ್ಣ ಹೋಯಿತು ಎಂಬುದು ಬಟ್ಟೆಯಲ್ಲೇ ಗೊತ್ತಾಗುತ್ತಿತ್ತು. ಗಾಡಿ ಬದಲಾಯಿತು, ಪದ್ಧತಿ ಉಳಿಯಿತು. ಈಗ ಉಜ್ಜಿದರೆ ಬಟ್ಟೆಗೆ ಏನೂ ಹತ್ತುವುದಿಲ್ಲ, ಹೋಗುತ್ತಿರುವುದು ಕಣ್ಣಿಗೆ ಕಾಣದ ಪದರ. ನನ್ನ ಆತಂಕವಿರುವುದು ಇಲ್ಲೇ.

ತೆಂಗಿನ ಸೀಮೆಯಲ್ಲಿ ಕಾರು ಇಟ್ಟುಕೊಂಡವರಿಗೆ ಈ ಪದರ ಉಳಿಸಿಕೊಳ್ಳುವುದು ಬೆಂಗಳೂರಿನವರಿಗಿಂತ ಕಷ್ಟ. ಅದಕ್ಕೆ ಕಾರಣಗಳಲ್ಲಿ ಮೊದಲನೆಯದು ನೆಲ. ಇಲ್ಲಿನ ಕೆಮ್ಮಣ್ಣಿನ ದೂಳಿನಲ್ಲಿ ಬೆಣಚುಕಲ್ಲಿನ ಪುಡಿ ಬೆರೆತಿರುತ್ತದೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚಿಗೆ 7, ಮಣ್ಣಿಗೆ ಕೆಂಪು ಕೊಡುವ ಹೆಮಟೈಟ್ ಅದಿರಿಗೆ 5ರಿಂದ 6.5. ಕ್ಲಿಯರ್ ಕೋಟ್ ಒಂದು ಬಗೆಯ ಪ್ಲಾಸ್ಟಿಕ್, ಇವುಗಳ ಮುಂದೆ ತೀರಾ ಮೆದು. ಚಿಕ್ಕನಾಯಕನಹಳ್ಳಿ ಕಡೆ ಕಬ್ಬಿಣ, ಮ್ಯಾಂಗನೀಸ್ ಅದಿರು ನೆಲದಲ್ಲೇ ಇದೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಬೆನ್ನಿಗೇ ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲೂ ಗಣಿಗಾರಿಕೆ ನಿಲ್ಲಿಸಿತು. ಅಲ್ಲಿಯವರೆಗೆ ಅದಿರು ಲಾರಿಗಳು ಓಡಿದ ರಸ್ತೆಗಳ ಬದಿಯಲ್ಲಿ ಗಿಡಮರಗಳೇ ಕೆಂಪಾಗಿದ್ದುದನ್ನು ಆ ಕಡೆಯವರು ಇನ್ನೂ ಹೇಳುತ್ತಾರೆ. ದೂಳು ಕಾರಿನ ಮೇಲೆ ಸುಮ್ಮನೆ ಕೂತಿದ್ದರೆ ಕೆಡುಕಿಲ್ಲ. ಬೆಳಿಗ್ಗೆ ಎದ್ದು ಒಣಬಟ್ಟೆಯಲ್ಲೋ ಜೂಲು ಜೂಲಾದ ಡಸ್ಟರಿನಲ್ಲೋ ಅದನ್ನು ಎಳೆದಾಗ ಒಂದೊಂದು ಕಣವೂ ತನ್ನ ಗೆರೆ ಬರೆಯುತ್ತದೆ. ಅಚ್ಚುಕಟ್ಟಾದವರ ಕಾರಿನಲ್ಲೇ ಸುಳಿಗೀರು ಹೆಚ್ಚಿರುವುದು ಈ ಕಾರಣಕ್ಕೆ. ದಿನಾ ಒರೆಸುವವರು ಅವರೇ ತಾನೆ.

ಎರಡನೆಯದು ತೆಂಗಿನ ಮರವೇ. ಸೋಗೆ, ಹರಳು ಬೀಳುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಈಚಿನ ವರ್ಷಗಳಲ್ಲಿ ಅದಕ್ಕಿಂತ ಹೆಚ್ಚು ಕಾಡುತ್ತಿರುವುದು ಸುರುಳಿ ಬಿಳಿನೊಣ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಭಾಗದ ತೆಂಗಿನಲ್ಲಿ ಕಾಣಿಸಿಕೊಂಡ ಈ ಕೀಟ ಆಮೇಲೆ ನಮ್ಮ ತೋಟಗಳಿಗೂ ಬಂತು. ಗರಿಯ ಅಡಿಭಾಗದಲ್ಲಿ ಕೂತು ರಸ ಹೀರಿ, ಅಂಟಾದ ಸಿಹಿದ್ರವವನ್ನು ಕೆಳಕ್ಕೆ ಉದುರಿಸುತ್ತದೆ. ಕೆಳಗಿನ ಗರಿಗಳ ಮೇಲೆ ಅದು ಬಿದ್ದಲ್ಲಿ ಕಪ್ಪು ಬೂಸ್ಟು ಬೆಳೆಯುತ್ತದೆ. ಮರದಡಿ ಕಾರು ನಿಂತಿದ್ದರೆ ಟಾಪಿನ ಮೇಲೆಲ್ಲ ಸಣ್ಣ ಸಣ್ಣ ಜಿಗುಟು ಹನಿ. ರಸ್ತೆಯ ದೂಳು ಅದಕ್ಕೆ ಅಂಟಿ ಗಟ್ಟಿಯಾದ ಮೇಲೆ ನೀರು ಹಾಯಿಸಿದರೂ ಬಿಡದು. ಆಗ ಕೈ ತಾನಾಗಿ ಗಟ್ಟಿಯಾಗಿ ಉಜ್ಜುತ್ತದೆ. ತೊಳೆಯುವ ಮೊದಲು ಹತ್ತು ನಿಮಿಷ ಒದ್ದೆ ಬಟ್ಟೆ ಹಾಸಿ ನೆನೆಸಿದರೆ ಅದೇ ಅಂಟು ಕರಗಿ ಹೋಗುತ್ತದೆ, ಏಕೆಂದರೆ ಅದರಲ್ಲಿ ಬಹುಪಾಲು ಸಕ್ಕರೆ. ಹಕ್ಕಿಯ ಹಿಕ್ಕೆಗೂ ಇದೇ ಉಪಾಯ. ಆದರೆ ಅದಕ್ಕೆ ಕಾಯುವ ಹಾಗಿಲ್ಲ, ಬಿಸಿಲಿಗೆ ಒಣಗಿದರೆ ಕ್ಲಿಯರ್ ಕೋಟನ್ನೇ ತಿಂದು ಗುಳಿ ಮಾಡುತ್ತದೆ.

ಮೂರನೆಯದು ಆಯುಧಪೂಜೆ. ಪೂಜೆ ಬಿಡಿ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಮೊದಲ ದಿನ ಚೆನ್ನಾಗಿ ತೊಳೆದ ಗಾಡಿಗೆ ವಿಭೂತಿ ಬಳಿದು, ಅರಿಸಿನ ಕುಂಕುಮ ಇಟ್ಟು, ಎರಡೂ ಬದಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು ಊರೊಂದು ಸುತ್ತು ಹೊಡೆಯುವುದು ಚೆಂದವೇ. ಆದರೆ ಕಂದು ಗಾಳಿಗೆ ಅಲ್ಲಾಡುತ್ತ ಬಂಪರನ್ನು ಉಜ್ಜುತ್ತಲೇ ಇರುತ್ತದೆ. ಮರುದಿನ ಒಣಗಿದ ವಿಭೂತಿಯನ್ನು ಹಾಗೆಯೇ ಬಟ್ಟೆಯಲ್ಲಿ ಒರೆಸಿದರೆ ಬಾನೆಟ್ಟಿನ ಮೇಲೆ ಮೂರು ಪಟ್ಟೆ ಮಂಕು ಉಳಿಯುತ್ತದೆ. ಸುಣ್ಣ ಸೇರಿದ ಕುಂಕುಮ, ಹಿಂಡಿದ ನಿಂಬೆರಸ ಬಿಸಿಲಲ್ಲಿ ಗಂಟೆಗಟ್ಟಲೆ ಕೂತರೆ ಕಲೆಯಾಗುತ್ತವೆ. ಕುಂಕುಮವನ್ನು ನಂಬರ್ ಪ್ಲೇಟಿಗೋ ಗಾಜಿಗೋ ಇಟ್ಟು, ಕಂದನ್ನು ಬಂಪರಿಗೆ ತಾಗದಂತೆ ಹಿಂದೆ ಒಂದು ಬಟ್ಟೆ ಕೊಟ್ಟು ಕಟ್ಟಿ, ಸಂಜೆಯೇ ನೀರು ಹಾಯಿಸಿ ಇಳಿಸಿದರೆ ಪೂಜೆಗೂ ಲೋಪವಿಲ್ಲ, ಕಾರಿಗೂ ಕೆಡುಕಿಲ್ಲ.

ಇವೆಲ್ಲಕ್ಕಿಂತ ಹೆಚ್ಚಿನ ಗೀರು ಬೀಳುವ ಜಾಗ ವಾಟರ್ ಸರ್ವಿಸ್. ಫೋಮ್ ಹೊಡೆದು, ಜೋರು ನೀರು ಬಿಟ್ಟು, ಕೊನೆಗೆ “ಅಣ್ಣಾ, ಒರ್ಸಿ ಕೊಡ್ಲಾ?” ಎಂದು ಹುಡುಗ ಎತ್ತಿಕೊಳ್ಳುವ ಬಟ್ಟೆಯನ್ನು ನೋಡಿ. ಸ್ವಲ್ಪ ಹೊತ್ತಿಗೆ ಮುಂಚೆ ಅದೇ ಬಟ್ಟೆ ಹೊಲದಿಂದ ಬಂದ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಒರೆಸಿರಬಹುದು. ನೆಲಕ್ಕೆ ಬಿದ್ದಿರಬಹುದು, ಚಕ್ರ ಒರೆಸಿದ ಬಕೆಟ್ಟಿನಲ್ಲೇ ಜಾಲಿಸಿಕೊಂಡಿರಬಹುದು. ತಪ್ಪು ಹುಡುಗನದಲ್ಲ. ಕಾರಿಗೆ ಇಪ್ಪತ್ತು ನಿಮಿಷ ಕೊಟ್ಟು ಮುಂದಿನದಕ್ಕೆ ಹೋಗಬೇಕಾದ ದುಡಿಮೆ ಅವನದು. ಎರಡು ಬಕೆಟ್ ಇಟ್ಟು, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು ತುಂಬಿ, ಪ್ರತಿ ಸಲ ಕೈಗವಸನ್ನು ಬರೀ ನೀರಿನಲ್ಲಿ ಜಾಲಿಸಿ ಆಮೇಲೆ ಶಾಂಪೂಗೆ ಅದ್ದುವ ಕ್ರಮ ಬಹಳ ಸರಳ. ಮನೆಯಂಗಳದಲ್ಲೇ ಯಾರಾದರೂ ಮಾಡಬಹುದು. ಮೇಲಿನಿಂದ ಕೆಳಕ್ಕೆ ಬರಬೇಕು, ಕೆಳಗಿನ ಬಾಗಿಲ ಅಂಚು, ಚಕ್ರಗಳಿಗೆ ಬೇರೆಯೇ ಬಟ್ಟೆ ಇರಬೇಕು. ಬೋರ್‌ವೆಲ್ ನೀರಾದರೆ ಬಿಸಿಲಲ್ಲಿ ಒಣಗಲು ಬಿಡಬಾರದು. ಗಡಸು ನೀರಿನ ಸುಣ್ಣದಂಶ ಬಿಳಿ ಚುಕ್ಕೆಯಾಗಿ ಕೂರುತ್ತದೆ, ಅದನ್ನು ಬಿಡಿಸಲು ಮತ್ತೆ ಉಜ್ಜಾಟ. ದಪ್ಪ ಮೈಕ್ರೋಫೈಬರ್ ಬಟ್ಟೆಯನ್ನು ಹಾಸಿ ನೀರು ಹೀರಿಸಿ ಎತ್ತುವುದು ಒಳ್ಳೆಯದು.

ಬಿದ್ದ ಗೀರನ್ನು ತೆಗೆಯುವುದು ಹೇಗೆ? ಗೀರಿನ ಗುಂಡಿಯನ್ನು ತುಂಬುವ ದ್ರವ ಎಂಬುದೊಂದಿಲ್ಲ, ಇದ್ದರೂ ನಿಲ್ಲುವುದಿಲ್ಲ. ಗೀರಿನ ತಳದ ಮಟ್ಟಕ್ಕೆ ಸುತ್ತಲಿನ ಮೇಲ್ಮೈಯನ್ನೇ ಸವೆಸಿ ಇಳಿಸುವುದಕ್ಕೆ ಪಾಲಿಶ್ ಎನ್ನುತ್ತೇವೆ. ಈ ವಿದ್ಯೆ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ತುರುವೇಕೆರೆಯ ಗಂಗಾಧರೇಶ್ವರ ದೇವಸ್ಥಾನದ ಕಪ್ಪುಕಲ್ಲಿನ ನಂದಿಯನ್ನು ನೋಡಿದವರಿಗೆ ಅದರ ಮೈಯ ನುಣುಪು ಮರೆಯುವುದಿಲ್ಲ. ಎಣ್ಣೆ ಸವರಿದಂತೆ ಕಾಣುವ ಆ ಹೊಳಪು ಶತಮಾನಗಳನ್ನು ಕಂಡೂ ಉಳಿದಿದೆ. ಹಳೇಬೀಡಿನ ತಿರುಗಣಿ ಕಂಬಗಳಲ್ಲಿ ಮುಖ ಕಾಣುವುದೂ ಇದೇ ಕೆಲಸದಿಂದ. ಒರಟು ಕಲ್ಲಿನಿಂದ ಉಜ್ಜಿದ ಗೀರನ್ನು ಅದಕ್ಕಿಂತ ನಯವಾದದ್ದು, ಅದು ಬಿಟ್ಟ ಗೀರನ್ನು ಇನ್ನೂ ನಯವಾದದ್ದು ಅಳಿಸುತ್ತ ಹೋಗಿ, ಕೊನೆಗೆ ಉಳಿದ ಗೀರು ಬೆಳಕಿಗೂ ಗೊತ್ತಾಗದಷ್ಟು ಸಣ್ಣದಾದಾಗ ಕಲ್ಲು ಕನ್ನಡಿಯಾಗುತ್ತದೆ. ಶಿಲ್ಪಿ ಹೊಳಪನ್ನು ಹೊರಗಿಂದ ತಂದು ಹಚ್ಚಲಿಲ್ಲ. ಕಾರಿನ ಪಾಲಿಶೂ ನಡೆಯುವುದು ಹೀಗೇ. ನಂದಿಗೂ ಕಾರಿಗೂ ಇರುವ ವ್ಯತ್ಯಾಸವೆಂದರೆ, ನಂದಿಯ ಕಲ್ಲಿಗೆ ಆಳವಿದೆ. ಕಾರಿಗೆ ಇರುವುದು 40 ಮೈಕ್ರಾನ್.

ಬಲ್ಲವರ ಕೈಯಲ್ಲಿ ಈ ಕೆಲಸ ನಡೆಯುವುದನ್ನು ನಿಂತು ನೋಡಬೇಕು. ಮೊದಲ ಅರ್ಧ ದಿನ ಪಾಲಿಶ್ ಮೆಷಿನ್ನೇ ಹೊರಬರುವುದಿಲ್ಲ. ತೊಳೆದಾದ ಮೇಲೆ ಬ್ರೇಕ್‌ನಿಂದ ಎದ್ದು ಅಂಟಿಕೊಂಡ ಕಬ್ಬಿಣದ ಪುಡಿಯನ್ನು ಕರಗಿಸುವ ದ್ರವ ಸಿಂಪಡಿಸುತ್ತಾರೆ. ಕಬ್ಬಿಣ ಇದ್ದಲ್ಲೆಲ್ಲ ಅದು ನೇರಳೆ ಬಣ್ಣಕ್ಕೆ ತಿರುಗಿ ಕೆಳಗೆ ಹರಿಯುತ್ತದೆ. ಆಮೇಲೆ ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ತೂರಿಸಿ ಬಾನೆಟ್ಟಿನ ಮೇಲೆ ಹಗುರಾಗಿ ಆಡಿಸುತ್ತಾರೆ. ಬರಿಗೈಗೆ ಗೊತ್ತಾಗದ ತರಿತರಿ ಕವರಿನ ಮೂಲಕ ಗೊತ್ತಾಗುತ್ತದೆ. ತರಿ ಇದ್ದರೆ ಕ್ಲೇ ಬಾರ್ ಎಂಬ ಮೆತ್ತನೆ ಮುದ್ದೆಯನ್ನು ನೀರುಸೋಪಿನ ಜಾರಿಕೆಯಲ್ಲಿ ಆಡಿಸಿ ಅದನ್ನು ಕಿತ್ತು ತೆಗೆಯುತ್ತಾರೆ. ಇಷ್ಟಾದ ಮೇಲೆ ದಪ್ಪ ಅಳೆಯುವ ಪುಟ್ಟ ಮೀಟರ್ ಹಿಡಿದು ಟಾಪು, ಬಾನೆಟ್, ಬಾಗಿಲು, ಡಿಕ್ಕಿ ಎಲ್ಲ ಕಡೆ ಒತ್ತುತ್ತಾರೆ. 110, 118, 122 ಎಂದು ಬರುತ್ತಿದ್ದದ್ದು ಒಂದು ಬಾಗಿಲಿನಲ್ಲಿ 260 ಎಂದರೆ ಆ ಬಾಗಿಲಿಗೆ ಮತ್ತೆ ಪೇಂಟ್ ಆಗಿದೆ ಎಂದರ್ಥ. 1000 ದಾಟಿದರೆ ಒಳಗೆ ಪುಟ್ಟಿ ಇದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡ ಎಷ್ಟೋ ಜನರಿಗೆ ತಮ್ಮ ಗಾಡಿಯ ಹಿಂದಿನ ಅಪಘಾತ ತಿಳಿಯುವುದು ಈ ಗಳಿಗೆಯಲ್ಲಿ. ಈ ಮೀಟರ್ ತಗಡಿನ ಮೇಲಿನ ಒಟ್ಟು ದಪ್ಪವನ್ನು ಮಾತ್ರ ಹೇಳುತ್ತದೆ, ಕ್ಲಿಯರ್ ಕೋಟ್ ಎಷ್ಟುಳಿದಿದೆ ಎಂದು ಬಿಡಿಸಿ ಹೇಳುವುದಿಲ್ಲ. ಆದ್ದರಿಂದ ಬಾಗಿಲು ತೆರೆದಾಗ ಕಾಣುವ, ಯಾರೂ ಉಜ್ಜಿರದ ಒಳಅಂಚಿನ ಅಳತೆಯನ್ನೂ ಹಿಡಿದು ಹೊರಗಿನದಕ್ಕೆ ಹೋಲಿಸಿ ಅಂದಾಜು ಮಾಡುವುದು ಅನುಭವಸ್ಥರ ಕ್ರಮ. ಪ್ಲಾಸ್ಟಿಕ್ ಬಂಪರಿನ ಮೇಲೆ ಸಾಮಾನ್ಯ ಮೀಟರ್ ಕೆಲಸವನ್ನೇ ಮಾಡುವುದಿಲ್ಲ.

ಗೀರಿನ ಆಳಕ್ಕೆ ಇನ್ನೂ ಹಳೆಯ ಮಾಪನವಿದೆ, ಅದು ಉಗುರು. “ಯಜಮಾನ್ರೇ, ಇದು ಉಗುರಿಗೆ ಸಿಗ್ತಾ ಐತೆ. ಇದನ್ನ ತೆಗ್ಯಕ್ಕೋದ್ರೆ ಬಣ್ಣನೇ ಹೋಯ್ತದೆ, ಮಂಕು ಮಾಡ್ಬೋದು ಅಷ್ಟೇಯ” ಎಂದು ನೇರವಾಗಿ ಹೇಳುವವನಿಗೆ ಗಾಡಿ ಒಪ್ಪಿಸಿ. ಎಲ್ಲ ಗೀರನ್ನೂ ನೂರಕ್ಕೆ ನೂರು ತೆಗೆಯುತ್ತೇನೆ ಎಂದು ಕಾರು ಮುಟ್ಟುವ ಮೊದಲೇ ಹೇಳುವವನಿಗೆ ಕೊಡಬೇಡಿ.

ಅಂಚು, ರಬ್ಬರ್, ಲೋಗೊಗಳಿಗೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿ, ಎರಡಡಿ ಚದರದ ಒಂದು ಜಾಗದಲ್ಲಿ ಮೊದಲು ಪರೀಕ್ಷೆ ಮಾಡುತ್ತಾರೆ. ಇಲ್ಲಿ ನಿಯಮ ಒಂದೇ: ಎಲ್ಲಕ್ಕಿಂತ ಮೆದು ಪ್ಯಾಡು, ಎಲ್ಲಕ್ಕಿಂತ ನಯವಾದ ಪಾಲಿಶ್‌ನಿಂದ ಶುರು ಮಾಡಬೇಕು. ಅದರಲ್ಲಿ ಕೆಲಸವಾದರೆ ಮುಂದಿನದಕ್ಕೆ ಹೋಗಬಾರದು. ಆಗದಿದ್ದರೆ ಮಾತ್ರ ಗಡಸು ಫೋಮ್, ಮೈಕ್ರೋಫೈಬರ್, ಉಣ್ಣೆ ಪ್ಯಾಡುಗಳ ಸರದಿ. ಪಾಲಿಶ್‌ನಲ್ಲಿ ಕೊರೆಯುವ ಕೆಲಸ ಮಾಡುವುದು ಬಹುಮಟ್ಟಿಗೆ ಅಲ್ಯುಮಿನಿಯಂ ಆಕ್ಸೈಡಿನ ಅತಿ ಸಣ್ಣ ಕಣಗಳು. ಮೆಷಿನ್ನಿನಲ್ಲಿ ಎರಡು ಜಾತಿ. ಒಂದು, ಒಂದೇ ಅಕ್ಷದ ಮೇಲೆ ಗಿರ್ರನೆ ತಿರುಗುವ ರೋಟರಿ. ಬೇಗ ಕೊರೆಯುತ್ತದೆ, ಬೇಗ ಬಿಸಿಯಾಗುತ್ತದೆ, ಕೈ ಪಳಗಿರದಿದ್ದರೆ ಬಾಡಿಯ ಏಣುಗಳಲ್ಲಿ ಕ್ಲಿಯರ್ ಕೋಟನ್ನು ಸುಟ್ಟು ಬಣ್ಣಕ್ಕೆ ಇಳಿದುಬಿಡುತ್ತದೆ. ಬಿಸಿ ಹರಡದ ಪ್ಲಾಸ್ಟಿಕ್ ಬಂಪರಿನಲ್ಲಂತೂ ಇನ್ನೂ ಬೇಗ. ಇನ್ನೊಂದು ಡ್ಯುಯಲ್ ಆಕ್ಷನ್, ತಿರುಗುತ್ತಲೇ ಅತ್ತಿತ್ತ ಓಲಾಡುವಂಥದ್ದು. ಇಟಲಿಯ ರೂಪೆಸ್ ಕಂಪನಿ 15 ಮತ್ತು 21 ಮಿಲಿಮೀಟರ್ ಓಲಾಟದ ಮೆಷಿನ್‌ಗಳನ್ನು ತಂದ ಮೇಲೆ ಈ ಜಾತಿಯೂ ಸಾಕಷ್ಟು ಕೊರೆಯಬಲ್ಲದಾಯಿತು. ಮೆಷಿನ್ನನ್ನು ಮೇಲ್ಮೈಗೆ ಸಮವಾಗಿ ಇಟ್ಟು, ತನ್ನ ಭಾರದಷ್ಟೇ ಒತ್ತಿ, ಸೆಕೆಂಡಿಗೆ ಒಂದೆರಡು ಅಂಗುಲ ಸರಿಸುತ್ತ, ಅಡ್ಡ ಒಂದು ಸಾಲು, ಉದ್ದ ಒಂದು ಸಾಲು ಹೋಗುತ್ತಾರೆ. ನೋಡುವವರಿಗೆ ಬೇಸರ ಬರುವಷ್ಟು ನಿಧಾನ. ಒಂದು ಭಾಗ ಮುಗಿದ ಕೂಡಲೇ ಪ್ಯಾಡನ್ನು ಬ್ರಶ್ಶಿನಿಂದ ಕೆದಕಿಯೋ ಗಾಳಿ ಹೊಡೆದೋ ಸ್ವಚ್ಛ ಮಾಡುತ್ತಾರೆ, ಏಕೆಂದರೆ ಕಿತ್ತುಬಂದ ಕ್ಲಿಯರ್ ಕೋಟಿನ ಪುಡಿ ಅದರಲ್ಲೇ ಕೂತು ಮತ್ತೆ ಗೀರು ಹಾಕುತ್ತದೆ.

ಅವಸರದ ರೋಟರಿ ಕೆಲಸ ಬಿಡುವ ಗುರುತೂ ಒಂದಿದೆ. ಬಿಸಿಲಿಗೆ ಕಾರು ಬಂದಾಗ ಬಾನೆಟ್ ಮೇಲೆ ನೆರಳಿನ ಅಲೆಗಳಂತೆ ಓಡುವ ಪಟ್ಟೆಗಳು. ಹೊಲೋಗ್ರಾಂ ಎನ್ನುತ್ತಾರೆ. ಸುಳಿಗೀರು ತೆಗೆಸಲು ಹೋಗಿ ಪಟ್ಟೆಗೀರು ಹೊತ್ತು ತಂದವರು ಬಹಳ. ಅದಕ್ಕೂ ಕೆಟ್ಟದ್ದು ಇನ್ನೊಂದು: ಎಣ್ಣೆ, ಮೇಣ ತುಂಬಿದ ಗ್ಲೇಜ್ ಹಚ್ಚಿ ಗೀರುಗಳನ್ನು ಮುಚ್ಚಿ ಕಳಿಸುವುದು. ಅಂದು ಸಂಜೆ ಕಾರು ಕನ್ನಡಿ, ನಾಲ್ಕು ವಾಶ್ ಆದ ಮೇಲೆ ಹಳೇ ಗೀರುಗಳೆಲ್ಲ ವಾಪಸ್. ಇದನ್ನು ಪತ್ತೆ ಹಚ್ಚುವುದು ಸುಲಭ. ಕೆಲಸ ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿದ ನೀರಿನಲ್ಲಿ ಒಂದು ಭಾಗ ಒರೆಸಿ ತೋರಿಸಲು ಕೇಳಿ. ಮೇಣ, ಎಣ್ಣೆ ಹೋಗಿ ನಿಜವಾದ ಮೇಲ್ಮೈ ಕಾಣುತ್ತದೆ. ಟ್ಯೂಬ್‌ಲೈಟಿನ ಕೆಳಗೆ ನೋಡಿ ಒಪ್ಪಿಕೊಳ್ಳಬೇಡಿ, ಅದರ ಹರಡಿದ ಬೆಳಕಿನಲ್ಲಿ ಗೀರು ಅಡಗುತ್ತದೆ. ಬಿಸಿಲಿಗೆ ತರಿಸಿ, ಇಲ್ಲವೇ ಮೊಬೈಲಿನ ಟಾರ್ಚ್ ಹಿಡಿಯಿರಿ.

ಇಷ್ಟಕ್ಕೆ ಹೋಗುವ ಕ್ಲಿಯರ್ ಕೋಟ್ ಎಷ್ಟು? ಒಂದು ಒಳ್ಳೆಯ ಪಾಲಿಶ್‌ಗೆ ಸಾಮಾನ್ಯವಾಗಿ ಒಂದರಿಂದ ಮೂರು ಮೈಕ್ರಾನ್. ಕಡಿಮೆ ಎನಿಸಬಹುದು. ಆದರೆ 40ರಲ್ಲಿ ಹತ್ತಕ್ಕಿಂತ ಹೆಚ್ಚು ತೆಗೆಯುವುದು ಅಪಾಯ ಎಂದು ಲೆಕ್ಕ ಹಿಡಿದರೆ ಒಂದು ಕಾರಿನ ಆಯಸ್ಸಿನಲ್ಲಿ ಮೂರು ಮೈಕ್ರಾನ್ ತೆಗೆಯುವ ಪಾಲಿಶ್ ಮೂರು ಸಲ ಮಾತ್ರ. ಪ್ರತಿ ದಸರೆಗೂ ರಬ್ಬಿಂಗ್ ಹೊಡೆಸಿದರೆ ಐದನೇ ದಸರೆಗೆ ಕಾರಿನಲ್ಲಿ ಏನುಳಿಯುತ್ತದೆ ಯೋಚಿಸಿ. ಹಣದ ಲೆಕ್ಕವೂ ಸಣ್ಣದಲ್ಲ. ಒಂದು ಹಂತದ ಪಾಲಿಶ್ ಕೆಲವು ಸಾವಿರದಲ್ಲಿ ಮುಗಿದರೆ, ಎರಡು ಮೂರು ಹಂತ, ಮೇಲೊಂದು ಸೆರಾಮಿಕ್ ಕೋಟಿಂಗ್ ಎಂದು ಬೆಳೆದಾಗ ಒಂದೆರಡು ಕ್ವಿಂಟಲ್ ಉಂಡೆ ಕೊಬ್ಬರಿಯ ಹಣ ಬೇಕು. 2024ರ ಹಂಗಾಮಿಗೆ ಕೇಂದ್ರ ಗೊತ್ತುಮಾಡಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ ಸುಲಿಸಿದ ಕೊಬ್ಬರಿ ಅದು. ಬಿಳಿ ಕಾರು, ದಿನಾ ತೋಟಕ್ಕೆ ಹೋಗಿಬರುವ ಕಾರು, ಐದಾರು ತಿಂಗಳಲ್ಲಿ ಮಾರುವ ಯೋಚನೆಯಿರುವ ಕಾರು ಇವಕ್ಕೆ ಒಂದು ನಯವಾದ ಹಂತ ಸಾಕು ಎಂಬುದು ನನ್ನ ಅಭಿಪ್ರಾಯ. ಕಪ್ಪು, ಕಡುನೀಲಿ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡು ಹತ್ತು ವರ್ಷ ಓಡಿಸುವವರು ಒಮ್ಮೆ ಪೂರ್ತಿ ಕೆಲಸ ಮಾಡಿಸಿ ಆಮೇಲೆ ಕಾಪಾಡಿಕೊಳ್ಳುವುದು ಸರಿ.

ಸೆರಾಮಿಕ್ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಕೋಟಿಂಗಿನ ಡಬ್ಬಿಯ ಮೇಲೆ ಬರೆದ 9ಎಚ್ ಎಂಬುದು ಪೆನ್ಸಿಲ್ ಗಡಸುತನದ ಅಳತೆ. ಬೇರೆ ಬೇರೆ ಗಡಸಿನ ಪೆನ್ಸಿಲ್ಲಿನಲ್ಲಿ ಗೀಚಿ ನೋಡುವ ಪರೀಕ್ಷೆ ಅದು, ಮೋಸ್ ಮಾಪಕದ 9 ಅಲ್ಲ. ಬೆಣಚಿನ ಕಣ ಎಳೆದರೆ ಸೆರಾಮಿಕ್ ಮೇಲೂ ಗೀರು ಬೀಳುತ್ತದೆ. ಅದರಿಂದ ಸಿಗುವ ಲಾಭ ಬೇರೆ: ದೂಳು, ಬಿಳಿನೊಣದ ಅಂಟು ಅಷ್ಟು ಗಟ್ಟಿಯಾಗಿ ಹಿಡಿಯದು, ನೀರು ಹಾಯಿಸಿದರೆ ಬೇಗ ಬಿಡುತ್ತದೆ, ಹಾಗಾಗಿ ಉಜ್ಜುವುದು ಕಡಿಮೆಯಾಗುತ್ತದೆ. ನಿಜವಾಗಿ ಗೀರು ತಡೆಯುವುದು ಪಿಪಿಎಫ್ ಎಂಬ ಪಾರದರ್ಶಕ ಹಾಳೆ. ಸುಮಾರು 200 ಮೈಕ್ರಾನ್ ದಪ್ಪ, ಬಿಸಿಲಿನ ಕಾವಿಗೆ ತನ್ನ ಮೇಲಿನ ಸಣ್ಣ ಗೀರನ್ನು ತಾನೇ ಮುಚ್ಚಿಕೊಳ್ಳುತ್ತದೆ. ಇಡೀ ಕಾರಿಗೆ ದುಬಾರಿ, ಬಾನೆಟ್ಟಿಗೊಂದೇ ಹಾಕಿಸುವವರೂ ಇದ್ದಾರೆ.

ತೋಟದ ಮನೆಯವರು ಆಗಾಗ ಕೇಳುವ ಪ್ರಶ್ನೆ, ಕಾರಿಗೆ ಕವರ್ ಹಾಕಿದರೆ ಆಗದೇ ಎಂದು. ತೊಳೆದು ಒಣಗಿಸಿದ ಕಾರಿಗೆ, ಗಾಳಿ ಬೀಸದ ಕಡೆ ಹಾಕಿದರೆ ಒಳ್ಳೆಯದೇ. ದೂಳು ಹೊತ್ತ ಕಾರಿನ ಮೇಲೆ ಎಳೆದರೆ, ಆಷಾಢದ ಗಾಳಿಗೆ ಅದು ಹೊಯ್ದಾಡಿದರೆ, ಇಡೀ ರಾತ್ರಿ ಯಾರೋ ಕೂತು ಉಜ್ಜಿದ ಹಾಗೆಯೇ ಆಯಿತು. ಮರದ ನೇರ ಕೆಳಗಿನಿಂದ ನಾಲ್ಕು ಮಾರು ಆಚೆಗೆ, ಗೊನೆಯಿಂದಲೂ ಗರಿಯಿಂದಲೂ ದೂರ, ನಾಲ್ಕು ಕಂಬ ನೆಟ್ಟು ಮೇಲೆ ಶೀಟು ಹೊದಿಸಿದ ಚಪ್ಪರ ಕವರಿಗಿಂತ ಮೇಲು. ಅದಕ್ಕೂ ಮುಂಚೆ, ಈ ವಾರವೇ, ಡಿಕ್ಕಿಯಲ್ಲಿರುವ ಹಳೇ ಬನಿಯನ್ ಬಟ್ಟೆಯನ್ನು ತೆಗೆದು ನೆಲ ಒರೆಸಲು ಹಾಕಿ, ಎರಡು ಒಳ್ಳೆಯ ಮೈಕ್ರೋಫೈಬರ್ ಬಟ್ಟೆ ಕೊಂಡುಬನ್ನಿ. ಒಂದು ಟಾಪು, ಬಾನೆಟ್, ಗಾಜಿಗೆ, ಇನ್ನೊಂದು ಬಾಗಿಲ ಕೆಳಭಾಗ, ಚಕ್ರಗಳಿಗೆ. ಅದಲುಬದಲಾಗದಂತೆ ಬೇರೆ ಬೇರೆ ಬಣ್ಣದವನ್ನೇ ಆರಿಸಿಕೊಳ್ಳಿ.